ಎರಡನೆಯ ರಿಮೋಟು

ತೊಂಬತ್ತರ ದಶಕದ ಮುಂಬಯಿಯಲ್ಲಿ ಯಾವ ಮಗುವೂ ಅದನ್ನು 'ಕಂಟ್ರೋಲರ್' ಎಂದು ಕರೆದದ್ದು ನಾನು ಕೇಳಿಲ್ಲ. ಮಕ್ಕಳ ಬಾಯಲ್ಲಿ ಅದು 'ರಿಮೋಟ್'. ಯಂತ್ರಕ್ಕೆ ಅಂಟಿಕೊಂಡ ವೈರು ಇದ್ದರೂ ಅದು ರಿಮೋಟೇ! ಆಟ ತುಂಬಿದ ಪ್ಲಾಸ್ಟಿಕ್ ಡಬ್ಬಿ 'ಕ್ಯಾಸೆಟ್', ಇಡೀ ಪೆಟ್ಟಿಗೆ 'ಟಿವಿ ಗೇಮ್', ಸರದಿಗೆ 'ಚಾನ್ಸ್'. ಗುಜರಾತಿ, ಮರಾಠಿ, ಮಲಯಾಳಿ, ಕನ್ನಡಿಗ ಯಾರ ಮನೆಗೆ ಹೋದರೂ ಈ ನಾಲ್ಕು ಪದಗಳು ಸಾಕಾಗುತ್ತಿದ್ದವು.

ಆ ಕಾಲದ ಆಟಗಳನ್ನು ಈಗ ಮೊಬೈಲಿನಲ್ಲೇ ಆಡಬಹುದು. ಹಳೆಯ ಯಂತ್ರದಂತೆ ನಟಿಸುವ ತಂತ್ರಾಂಶಗಳಿಗೆ ಎಮ್ಯುಲೇಟರ್ ಎನ್ನುತ್ತಾರೆ. ಆದರೆ ಗಾಜಿನ ಮೇಲೆ ಹೆಬ್ಬೆರಳು ಜಾರಿಸಿ ಮಾರಿಯೋನನ್ನು ಹಾರಿಸುವುದು ಮಾರಾಯ್ರೆ, ಕೈಗವಸು ಹಾಕಿಕೊಂಡು ನೋಟು ಎಣಿಸಿದ ಹಾಗೆ. ಗುಂಡಿ ಒತ್ತಿದ್ದು ಬೆರಳಿಗೆ ತಿಳಿಯುವುದೇ ಇಲ್ಲ. ಹಾಗಾಗಿ ಜೇಬಿನಲ್ಲಿ ಹಿಡಿಸುವ ಒಂದು ಸಣ್ಣ ರಿಮೋಟು ಬೇಕು. ಅಂಗಡಿಯಲ್ಲಿ ನೋಡಿದರೆ ನೂರು ತರಹದವು. ಯಾವುದನ್ನು ಕೊಳ್ಳೋದು?

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಕೂತವನಿಗೆ ಅರ್ಜಿದಾರನ ಹಿನ್ನೆಲೆ ವಿಚಾರಿಸದೆ ಸಾಲ ಮಂಜೂರು ಮಾಡಿ ಅಭ್ಯಾಸವಿಲ್ಲ. ಆದ್ದರಿಂದ ಮೊದಲು ಈ ರಿಮೋಟಿನ ಚರಿತ್ರೆಯನ್ನೇ ನೋಡೋಣ.

ಅದರ ಮೂಲಪುರುಷ ಜಪಾನಿನ ಗುನ್‌ಪೈ ಯೊಕೊಯ್. 1965ರಲ್ಲಿ ನಿಂಟೆಂಡೊ ಕಂಪನಿಗೆ ಯಂತ್ರಗಳ ರಿಪೇರಿ ಕೆಲಸಕ್ಕೆ ಸೇರಿದವನು. ಆಗ ಆ ಕಂಪನಿ ಇಸ್ಪೀಟು ಎಲೆಗಳನ್ನು ತಯಾರಿಸುತ್ತಿತ್ತು. ಮುಂದೆ ಒಂದು ದಿನ ರೈಲಿನಲ್ಲಿ ಬೇಸತ್ತ ನೌಕರನೊಬ್ಬ ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತ ಕಾಲ ಕಳೆಯುವುದನ್ನು ಕಂಡು, ಅಂಗೈಯಗಲದ ಆಟದ ಕಲ್ಪನೆ ಅವನಿಗೆ ಹೊಳೆಯಿತಂತೆ. 1980ರಲ್ಲಿ 'ಗೇಮ್ ಆ್ಯಂಡ್ ವಾಚ್' ಹುಟ್ಟಿತು. ಈ ಕಥೆ ಓದಿದಾಗ ನನಗೆ ನಗು ಬಂತು. ಡೊಂಬಿವಲಿಯ ಬೆಳಗಿನ ಫಾಸ್ಟ್ ಲೋಕಲಿನಲ್ಲಿ ಆತ ಪ್ರಯಾಣ ಮಾಡಿದ್ದರೆ ಅಂಥ ದೃಶ್ಯ ಕಾಣುತ್ತಿರಲಿಲ್ಲ. ನಮ್ಮಲ್ಲಿ ನಾಲ್ಕನೇ ಸೀಟು ಸಿಕ್ಕವನೇ ಭಾಗ್ಯವಂತ. ನಿಂತವನ ಒಂದು ಕೈ ಮೇಲಿನ ಹಿಡಿಯಲ್ಲಿ, ಇನ್ನೊಂದು ಜೇಬಿನ ಪಾಸಿನ ಮೇಲೆ. ಕ್ಯಾಲ್ಕುಲೇಟರ್ ಒತ್ತಲು ಮೂರನೆಯ ಕೈ ಬೇಕು.

1982ರಲ್ಲಿ ಅದೇ ಸರಣಿಯ 'ಡಾಂಕಿ ಕಾಂಗ್' ಆಟಕ್ಕೆ ಯೊಕೊಯ್ ಒಂದು ಪುಟ್ಟ ಕೂಡುಗುರುತಿನ ಗುಂಡಿ ಅಳವಡಿಸಿದ. ಅದಕ್ಕೆ ಮುಂಚೆ ಮನೆಯ ಆಟಗಳಿಗೆ ಅಮೆರಿಕದ ಅಟಾರಿಯಂಥ ನೆಟ್ಟಗಿನ ಕೋಲು, ಅಂದರೆ ಜಾಯ್‌ಸ್ಟಿಕ್ಕು ಇತ್ತು. ಕೋಲು ಜೇಬಿನಲ್ಲಿ ಹಿಡಿಸುವುದಿಲ್ಲ. ಕೂಡುಗುರುತು ಚಪ್ಪಟೆ, ಹೆಬ್ಬೆರಳೊಂದೇ ಸಾಕು. ಇದೇ ಇವತ್ತಿನ 'ಡಿ-ಪ್ಯಾಡ್'. ಒಯ್ಯಬಲ್ಲ ರಿಮೋಟಿನ ಇಡೀ ವಂಶ ಇಲ್ಲಿಂದ ಶುರು.

1983ರ ಜುಲೈಯಲ್ಲಿ ಮಸಾಯುಕಿ ಉಎಮುರಾ ರೂಪಿಸಿದ ಫ್ಯಾಮಿಕಾಮ್ ಯಂತ್ರ 14,800 ಯೆನ್‌ಗೆ ಜಪಾನಿನ ಮಾರುಕಟ್ಟೆಗೆ ಬಂತು. ಅದಕ್ಕೆ ಎರಡು ರಿಮೋಟು, ಎರಡರ ವೈರೂ ಯಂತ್ರದಿಂದ ಬೇರ್ಪಡಿಸಲಾಗದಂತೆ ಜೋಡಿಸಿದ್ದು. ಮನೆಯಲ್ಲಿ ಒಬ್ಬನೇ ಆಡಲಿ ಎಂಬ ಉದ್ದೇಶ ಅದಕ್ಕೆ ಹುಟ್ಟಿನಿಂದಲೇ ಇರಲಿಲ್ಲ. ಆದರೆ ಎರಡೂ ಸಮಾನವಲ್ಲ. ಮೊದಲನೆಯದರಲ್ಲಿ 'ಸ್ಟಾರ್ಟ್', 'ಸೆಲೆಕ್ಟ್' ಗುಂಡಿಗಳಿದ್ದವು. ಎರಡನೆಯದರಲ್ಲಿ ಅವು ಇಲ್ಲ, ಬದಲಿಗೆ ಒಂದು ಸಣ್ಣ ಮೈಕು. ಆಟ ಆರಿಸುವ, ನಿಲ್ಲಿಸುವ ಅಧಿಕಾರವೆಲ್ಲ ಮೊದಲ ರಿಮೋಟಿನವನದು. ಎರಡನೆಯವನಿಗೆ ಕೂಗುವ ಸ್ವಾತಂತ್ರ್ಯ ಮಾತ್ರ!

ಈ ಮೂಲ ಯಂತ್ರ ನಮ್ಮ ಪೇಟೆಯಲ್ಲಿ ಕಂಡದ್ದು ಅಪರೂಪ. ಬಂದದ್ದು ಅದರ ನಕಲುಗಳು. 1991ರ ಜುಲೈಯಲ್ಲಿ ರೂಪಾಯಿಯ ಬೆಲೆ ಎರಡು ಸಲ ಇಳಿದು, ಆ ತಿಂಗಳ ಬಜೆಟ್ಟಿನಿಂದ ಆರ್ಥಿಕ ಬಾಗಿಲು ತೆರೆಯತೊಡಗಿತಲ್ಲ, ಆ ಬಾಗಿಲಿನ ಪಕ್ಕದ ಕಿಟಕಿಯಿಂದಲೂ ಮಾಲು ಬರುತ್ತಿತ್ತು. ಕ್ರಾಫರ್ಡ್ ಮಾರ್ಕೆಟಿನ ಹತ್ತಿರದ ಮನೀಷ್ ಮಾರ್ಕೆಟ್, ಹಾಜಿ ಅಲಿಯ ಹೀರಾ ಪನ್ನಾ, ವಿಲೆ ಪಾರ್ಲೆಯ ಆಲ್ಫಾ, ಗ್ರ್ಯಾಂಟ್ ರೋಡ್ ಸ್ಟೇಶನ್ನಿನಿಂದ ನಡೆದು ಹೋಗುವ ಲ್ಯಾಮಿಂಗ್‌ಟನ್ ರೋಡ್, ಎಲ್ಲೆಲ್ಲೂ 'ಮೀಡಿಯಾ', 'ಸಮುರಾಯ್', 'ಲಿಟಲ್ ಮಾಸ್ಟರ್' ಎಂಬ ಹೆಸರಿನ ಪೆಟ್ಟಿಗೆಗಳು. ಲ್ಯಾಮಿಂಗ್‌ಟನ್ ರೋಡಿಗೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂದು ಹೆಸರಿಟ್ಟು ಎಷ್ಟೋ ಕಾಲವಾಯಿತು. ಆದರೆ ವೈರು, ಕೆಪಾಸಿಟರು ಕೊಳ್ಳುವವರ ಬಾಯಲ್ಲಿ ಇಪ್ಪತ್ತನೇ ಶತಮಾನದ ಆರಂಭದ ಆ ಗವರ್ನರನ ಹೆಸರೇ ಉಳಿದಿದೆ. ನಕಲು ಮಾಲಿನ ಮೇಲೆ 'ಮೇಡ್ ಇನ್ ಯುಎಸ್ಎ' ಕಂಡರೆ ಅದು ಉಲ್ಹಾಸ್‌ನಗರ ಸಿಂಧಿ ಅಸೋಸಿಯೇಶನ್ ಎಂಬ ಜೋಕು ಸೆಂಟ್ರಲ್ ಲೈನಿನವರಿಗೆಲ್ಲ ಗೊತ್ತು. ಇದೇ ದಶಕದ ನಡುವಿನಲ್ಲಿ ಮದ್ಯದ ವ್ಯಾಪಾರಕ್ಕೆ ಹೆಸರಾದ ಶಾ ವಾಲೇಸ್ ಬಳಗ ಸೆಗಾ ಕಂಪನಿಯ ಆಟದ ಯಂತ್ರಗಳನ್ನು ಅಧಿಕೃತವಾಗಿ ಮಾರಲು ಹೊರಟಿತು. ಆದರೆ ನಮ್ಮಂಥ ಸಂಬಳದವರ ಮನೆ ತಲುಪಿದ್ದು ನಕಲುಗಳೇ.

ನಮ್ಮ ಮನೆಗೆ 1994ರಲ್ಲಿ ಬಂತು. ಮಗನಿಗೆ ಎಂಟು ವರ್ಷ, ಮಗಳಿಗೆ ಐದು. ಕುಂದಾಪುರದ ಕಡೆಯ ನನ್ನ ಬಾಲ್ಯದಲ್ಲಿ ಆಟ ಎಂದರೆ ಅಂಗಳ. ಡೊಂಬಿವಲಿಯ ಒಂದು ರೂಮು-ಕಿಚನ್ನಿನಲ್ಲಿ ಅಂಗಳ ಎಲ್ಲಿಂದ ತರುವುದು? ಮಳೆಗಾಲದ ನಾಲ್ಕು ತಿಂಗಳು ಮಕ್ಕಳು ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದರು. ಟಿವಿ ಗೇಮ್ ಬಂದ ಮೇಲೆ ಬಿಲ್ಡಿಂಗಿನ ಅರ್ಧ ಡಜನ್ ಮಕ್ಕಳು ಹತ್ತು ಅಡಿ ಚದರದ ಆ ಕೋಣೆಯಲ್ಲಿ ಸೇರತೊಡಗಿದರು. ಚಾನಲ್ ಹೊಂದಿಸೋದು, ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದೋದು, ಅಡಾಪ್ಟರ್ ಕಾದರೆ ಬೀಸಣಿಗೆಯಿಂದ ಗಾಳಿ ಹಾಕೋದು ಎಲ್ಲಕ್ಕೂ ಒಬ್ಬೊಬ್ಬ ಪರಿಣತ. ಹೊರಗೆ ಮಕ್ಕಳ ಮಾತು ಹಿಂದಿ-ಮರಾಠಿ. ಆದರೆ ಅಣ್ಣ-ತಂಗಿ ಇಬ್ಬರೇ ಆಡುವಾಗ ಜಗಳ ಕನ್ನಡದಲ್ಲಿ, ಅದೂ ಅಪ್ಪಟ ಕುಂದಾಪುರದ ಕನ್ನಡದಲ್ಲಿ! "ಅಪ್ಪಯ್ಯಾ, ನಂಗೂ ಸ್ಟಾರ್ಟ್ ಇಪ್ಪ ರಿಮೋಟ್ ಬೇಕ್" ಎಂದು ಮಗಳು ದೂರು ತರುತ್ತಿದ್ದಳು. ನಮ್ಮ ಪೆಟ್ಟಿಗೆಯೂ ಜಪಾನಿನ ಮೂಲದಂತೆ ಎರಡನೆಯ ರಿಮೋಟಿಗೆ ಸ್ಟಾರ್ಟ್ ಕೊಟ್ಟಿರಲಿಲ್ಲ. ನಕಲು ಮಾಡಿದವನು ತಾರತಮ್ಯವನ್ನೂ ನಿಷ್ಠೆಯಿಂದ ನಕಲು ಮಾಡಿದ್ದ.

ಮಕ್ಕಳಿಗೆ ಪ್ರಿಯವಾದದ್ದು 'ಕಾಂಟ್ರಾ'. ಮಾರಿಯೋದಲ್ಲಿ ಒಬ್ಬ ಸತ್ತ ಮೇಲೆ ಇನ್ನೊಬ್ಬನ ಚಾನ್ಸ್. ಕಾಂಟ್ರಾದಲ್ಲಿ ಇಬ್ಬರೂ ಒಟ್ಟಿಗೆ. ಅದರಲ್ಲೊಂದು ಜಲಪಾತ ಬರುತ್ತದೆ. ಮೇಲಕ್ಕೆ ಹಾರುತ್ತ ಹತ್ತಬೇಕು. ಮೊದಲನೆಯವನು ಅವಸರದಿಂದ ಹತ್ತಿದರೆ ಪರದೆಯೂ ಅವನೊಂದಿಗೆ ಮೇಲೆ ಸರಿಯುತ್ತದೆ, ಕೆಳಗೆ ಉಳಿದವನು ಸಾಯುತ್ತಾನೆ. ಬೇಗ ಹತ್ತಬಲ್ಲವನು ಕೆಳಗಿನವನಿಗಾಗಿ ನಿಲ್ಲಬೇಕು. ನಮ್ಮ ಮನೆಯಲ್ಲಿ "ನಿಲ್ಲಾ ಅಣ್ಣಾ!" ಎಂಬ ಕೂಗು ಮೂರು ಮಹಡಿಗೆ ಕೇಳುತ್ತಿತ್ತು.

ಮುಂದಿನ ಚರಿತ್ರೆ ವೇಗದ್ದು. 1990ರ ಸೂಪರ್ ಫ್ಯಾಮಿಕಾಮ್ ಬಲಗಡೆ ನಾಲ್ಕು ಗುಂಡಿ, ಹೆಗಲ ಮೇಲೆ ಎರಡು ಗುಂಡಿ ತಂದಿತು. 1994ರ ಡಿಸೆಂಬರಿನಲ್ಲಿ ಸೋನಿಯ ಪ್ಲೇಸ್ಟೇಶನ್ ಹೆಗಲ ಗುಂಡಿಗಳನ್ನು ನಾಲ್ಕಕ್ಕೆ ಏರಿಸಿತು. 1997ರ ಡ್ಯುಯಲ್‌ಶಾಕ್‌ನಲ್ಲಿ ಹೆಬ್ಬೆರಳಿಗೆ ಎರಡು ಕಡ್ಡಿ ಬಂದವು, ಕೈಯಲ್ಲಿ ನಡುಗುವ ಗುಣವೂ ಸೇರಿತು. ಅದೇ 1997ರಲ್ಲಿ ಎಮ್ಯುಲೇಟರುಗಳ ಕಾಲವೂ ಬಲವಾಯಿತು. ಇಟಲಿಯ ನಿಕೊಲಾ ಸಾಲ್ಮೋರಿಯಾ ಹಳೆಯ ಪಾರ್ಲರ್ ಆಟಗಳಿಗಾಗಿ 'ಮೇಮ್' ಬಿಡುಗಡೆ ಮಾಡಿದ. ನಿಂಟೆಂಡೊ ಆಟಗಳಿಗೆ 'ನೆಸ್ಟಿಕಲ್' ಬಂತು. 2000ದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಸೋನಿ ಮತ್ತು ಕನೆಕ್ಟಿಕ್ಸ್ ಮೊಕದ್ದಮೆಯಲ್ಲಿ ಕನೆಕ್ಟಿಕ್ಸ್ ಪರ ತೀರ್ಪು ಕೊಟ್ಟು, ಎಮ್ಯುಲೇಟರ್ ತಯಾರಕರಿಗೆ ನೆಲೆ ಒದಗಿಸಿತು. ಆದರೆ ಆಟಗಳ ಹಕ್ಕು ಇನ್ನೂ ಆಯಾ ಕಂಪನಿಗಳದೇ. ಕೊಂಡು ಆಡುವ ದಾರಿಯೂ ಇದೆ. ಕೊನಾಮಿ 2019ರಲ್ಲಿ ಹಳೆಯ ಕಾಂಟ್ರಾಗಳ ಸಂಪುಟವನ್ನೇ ಮಾರಾಟಕ್ಕೆ ಬಿಟ್ಟಿತು. ಆಂಡ್ರಾಯ್ಡ್ ಫೋನುಗಳಲ್ಲಿ ಎಮ್ಯುಲೇಟರುಗಳು ಬಹಳ ಹಿಂದಿನಿಂದ ಇದ್ದವು. ಆ್ಯಪಲ್ ತನ್ನ ಅಂಗಡಿಯ ಬಾಗಿಲನ್ನು ಅವಕ್ಕೆ ತೆರೆದದ್ದು 2024ರ ಏಪ್ರಿಲಿನಲ್ಲಿ.

ಇನ್ನು ಆಯ್ಕೆಯ ವಿಷಯ. ಸಾಲಕ್ಕೆ ಹೇಗೋ ಹಾಗೆ ಇಲ್ಲೂ ಮೊದಲ ಪ್ರಶ್ನೆ: ಯಾತಕ್ಕಾಗಿ? ಹಳೆಯ ನಿಂಟೆಂಡೊ ಆಟಗಳಿಗೆ ಡಿ-ಪ್ಯಾಡ್ ಮತ್ತು ನಾಲ್ಕೇ ಗುಂಡಿ ಸಾಕು. ಸೂಪರ್ ನಿಂಟೆಂಡೊಗೆ ಎಂಟು ಬೇಕು. ಪ್ಲೇಸ್ಟೇಶನ್ನಿನದಾದರೆ ಹತ್ತು, ಜೊತೆಗೆ ಕಡ್ಡಿಗಳೂ ಇದ್ದರೆ ಒಳ್ಳೆಯದು. ಕಡ್ಡಿ ಬಂದರೆ ಗಾತ್ರ ಬೆಳೆಯುತ್ತದೆ, ಜೇಬಿನ ಆಸೆ ಬಿಡಬೇಕು.

ಎರಡನೆಯದು ಡಿ-ಪ್ಯಾಡಿನ ಗುಣ. ಯೊಕೊಯ್‌ಯ ಕೂಡುಗುರುತಿಗೆ ನಿಂಟೆಂಡೊ ಪೇಟೆಂಟ್ ಪಡೆದಿತ್ತು. ಹಾಗಾಗಿ ಉಳಿದ ಕಂಪನಿಗಳು ಬೇರೆ ಬೇರೆ ಆಕಾರ ಹುಡುಕಿದವು. ಅವಧಿ ಮುಗಿದು ಈಗ ಯಾರು ಬೇಕಾದರೂ ಕೂಡುಗುರುತು ಹಾಕಬಹುದು, ಆದರೆ ಒಳಗಿನ ರಬ್ಬರು ಒಂದೇ ಸಮ ಇರೋದಿಲ್ಲ. ಪರೀಕ್ಷೆ ಸುಲಭ. ಕಾಂಟ್ರಾದಲ್ಲಿ ಬಲಕ್ಕೆ ಒತ್ತಿ ಹಿಡಿದು ಹೆಬ್ಬೆರಳನ್ನು ಮೆಲ್ಲಗೆ ಅಲುಗಾಡಿಸಿ. ಗುಂಡು ತಾನಾಗಿ ಓರೆಯಾಗಿ ಮೇಲಕ್ಕೆ ಹಾರಿದರೆ ಆ ರಿಮೋಟು ಬೇಡ.

ಮೂರನೆಯದು ವಿಳಂಬ. ಈ ಆಟಗಳು ಸೆಕೆಂಡಿಗೆ 60 ಚಿತ್ರ ತೋರಿಸುತ್ತವೆ, ಒಂದು ಚಿತ್ರದ ಆಯುಷ್ಯ ಸುಮಾರು 17 ಮಿಲಿಸೆಕೆಂಡ್. ವೈರು ಎಲ್ಲಕ್ಕಿಂತ ಭರವಸೆಯದು, ನಂತರ ಡಾಂಗಲ್, ಆಮೇಲೆ ಬ್ಲೂಟೂತ್. ಟಿವಿಗೆ ಜೋಡಿಸಿದರೆ ಅದರ 'ಗೇಮ್ ಮೋಡ್' ಹಾಕಲು ಮರೆಯಬಾರದು.

ನಾಲ್ಕನೆಯದು ಆಕಾರ. ಫೋನನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುವ, ಎಳೆದು ಅಗಲಿಸುವ ಜಾತಿ ಒಂದು. ಕೈಗೆ ಬಹಳ ಹಿತ, ಲೋಕಲಿನ ನಾಲ್ಕನೇ ಸೀಟಿನಲ್ಲೂ ಆಡಬಹುದು. ಇನ್ನೊಂದು, ಫೋನಿನಿಂದ ಬೇರೆಯಾಗಿಯೇ ಇರುವ ಪುಟ್ಟ ಬ್ಲೂಟೂತ್ ಜಾತಿ. ಚೀನಾದ ಶೆನ್‌ಜೆನ್ನಿನ ಏಟ್‌ಬಿಟ್‌ಡೂ ಕಂಪನಿ ಕೀಲಿ ಗೊಂಚಲಿಗೆ ಸಿಕ್ಕಿಸುವಷ್ಟು ಸಣ್ಣದನ್ನೂ ಮಾಡುತ್ತದೆ. ತೀರಾ ಸಣ್ಣದು ಅರುವತ್ತು ದಾಟಿದವರ ಹೆಬ್ಬೆರಳಿಗೆ ಅರ್ಧ ಗಂಟೆಯಲ್ಲೇ ನೋವು ಕೊಡುತ್ತದೆ. ಅದಕ್ಕಿಂತ ಒಂದು ಅಳತೆ ದೊಡ್ಡದು ಲೇಸು.

ಅಂಗಡಿಯವನು ನನಗೆ ಮೊದಲ ಜಾತಿಯನ್ನೇ ತೋರಿಸಿದ. ಆದರೆ ಅದರಲ್ಲಿ ಎರಡನೆಯವನಿಗೆ ಜಾಗವಿಲ್ಲ. ನನಗೆ ಎರಡನೆಯವನೇ ಮುಖ್ಯ.

ಮಗ ಈಗ ಟೊರೊಂಟೊದಲ್ಲಿ. ಮೊಮ್ಮಗನಿಗೆ ಎಂಟು ವರ್ಷ. ನಾನು ಊರು ಬಿಟ್ಟು ಮುಂಬಯಿಗೆ ಬಂದಾಗ ಇಲ್ಲಿ ಮೈಸೂರು ಅಸೋಸಿಯೇಶನ್ ಇತ್ತು, ಕರ್ನಾಟಕ ಸಂಘ ಇತ್ತು, ಮುನಿಸಿಪಾಲಿಟಿಯದ್ದೇ ಕನ್ನಡ ಶಾಲೆಗಳಿದ್ದವು. ರಾತ್ರಿ ಬಸ್ಸು ಹತ್ತಿದರೆ ಊರು. ಆ ಮಗುವಿಗೆ ಕನ್ನಡ ಎಂದರೆ ಭಾನುವಾರದ ವಿಡಿಯೊ ಕಾಲ್. "ಊಟ ಆಯ್ತಾ?" "ಆಯ್ತು." ಅಲ್ಲಿಗೆ ಮುಗಿಯಿತು. ಪ್ರಶ್ನೆ ಕೇಳುವ ಅಜ್ಜ, ಉತ್ತರ ಒಪ್ಪಿಸುವ ಮೊಮ್ಮಗ. ಶಾಲೆಯ ಇನ್‌ಸ್ಪೆಕ್ಟರರ ಭೇಟಿಯಂತೆ.

ನೆಟ್ಟಿನ ಮೂಲಕ ಒಟ್ಟಿಗೆ ಆಡುವ ಏರ್ಪಾಡೂ ಎಮ್ಯುಲೇಟರುಗಳಲ್ಲಿ ಇದೆ. ಲೆಕ್ಕ ಹಾಕಿ ನೋಡಿದೆ. ಇಲ್ಲಿಂದ ಅಲ್ಲಿಗೆ ಹನ್ನೆರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು ಕನಿಷ್ಠ 120 ಮಿಲಿಸೆಕೆಂಡ್, ಅಂದರೆ ಏಳು ಚಿತ್ರ. ಕೇಬಲ್ಲು ಸುತ್ತಿ ಹೋಗುವುದರಿಂದ ನಿಜಕ್ಕೂ ಇನ್ನೂ ಹೆಚ್ಚು. ಯಾವ ಕಂಪನಿಯ ರಿಮೋಟು ಕೊಂಡರೂ ಈ ಏಳು ಚಿತ್ರಗಳ ಅಂತರ ಕಡಿಮೆಯಾಗದು. ಪರದೇಶ ಎಂದರೆ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ಈಗ ನನ್ನ ಹತ್ತಿರ ಅಂಕಿ ಇದೆ.

ಆದ್ದರಿಂದ ಅಲ್ಲಿಗೆ ಹೋದಾಗಲೇ ಆಡಬೇಕು. ಒಂದೇ ತರಹದ ಎರಡು ಪುಟ್ಟ ಬ್ಲೂಟೂತ್ ರಿಮೋಟು ಕೊಂಡೆ, ಎರಡೂ ಸೇರಿ ಐದು ಸಾವಿರದ ಚಿಲ್ಲರೆ. ಎರಡರಲ್ಲೂ ಸ್ಟಾರ್ಟ್ ಗುಂಡಿ ಇದೆ. ಬೆಂಗಳೂರಿನಲ್ಲಿರುವ ಮಗಳಿಗೆ ಫೋನ್ ಮಾಡಿ ಹೇಳಿದೆ. "ಮೂವತ್ತು ವರ್ಷ ತಡ ಆಯ್ತ್ ಅಪ್ಪಯ್ಯಾ" ಎಂದು ನಕ್ಕಳು.

ಕಳೆದ ಬೇಸಗೆಯಲ್ಲಿ ಟೊರೊಂಟೊದ ಟಿವಿಯ ಮುಂದೆ ನೆಲದ ಮೇಲೆ ಕೂತು ಆಡಿದೆವು. ಮೊದಲ ವಾರ ಹುಡುಗ ಇಂಗ್ಲಿಷಿನಲ್ಲಿ ಕೂಗಿದ. ಅಂಥ ಗಡಿಬಿಡಿಯಲ್ಲಿ ನನ್ನ ಬಾಯಿಂದ ಕನ್ನಡ ಬಿಟ್ಟು ಬೇರೆ ಬರಲಿಲ್ಲ. ಹಾರು, ಬಗ್ಗು, ಎಡಕ್ಕೆ, ಹಿಂದೆ ನೋಡು, ಸತ್ತೆ! ಮೂರನೆಯ ವಾರ ಜಲಪಾತದಲ್ಲಿ ನಾನು ಕೆಳಗೆ ಉಳಿದಾಗ ಅವನು ಒಂದು ಬಂಡೆಯ ಮೇಲೆ ನಿಂತ. "ಅಜ್ಜಯ್ಯ, ಹಾರಿ, ಹಾರಿ! ನಾನ್ ನಿಂತಿದೀನಿ" ಎಂದ. ಮಗ ಅಡಿಗೆಮನೆಯಿಂದ ಇಣುಕಿ ನೋಡಿದ.

ಮುಂದಿನ ಮೇ ತಿಂಗಳ ಟಿಕೆಟ್ ಆಗಿದೆ. ಎರಡೂ ರಿಮೋಟು ಹಳೆಯ ಕನ್ನಡಕದ ಡಬ್ಬಿಯಲ್ಲಿ ಹಿಡಿಸುತ್ತವೆ. ಚಾರ್ಜಿಂಗಿನ ಪಿನ್ನು ಎರಡಕ್ಕೂ ಒಂದೇ, ಹಾಗಾಗಿ ವೈರು ಒಂದೇ ಸಾಕು.