ಅರಮನೆ ಸೇರಿದ ನಮ್ಮೂರ ಸಾಮಾನು

ಮೈಸೂರಿಗೆ ಹೋದರೆ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ನೋಡಿ ಬಸ್ ಹತ್ತುತ್ತೇವೆ. ನಾವೂ ಹಲವು ಸಲ ಹಾಗೇ ಮಾಡಿದ್ದೇವೆ. ಆದರೆ ಹಳ್ಳಿಯವರು ನೋಡಲೇಬೇಕಾದ ಇನ್ನೊಂದು ಅರಮನೆ ಅಲ್ಲಿದೆ. ಅದು ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ.

ಇದರ ಕಥೆ ಶುರುವಾಗುವುದು ಒಂದು ಮದುವೆಯಿಂದ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಮಯದಲ್ಲಿ ಮೈಸೂರಿನ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ದಸರೆಯಲ್ಲಿ ದೀಪ ಹತ್ತಿದಾಗ ನಾವು ಬಾಯಿ ಬಿಟ್ಟು ನೋಡುವ ಅರಮನೆ ಆಮೇಲೆ ಕಟ್ಟಿದ್ದು. ಹೆನ್ರಿ ಇರ್ವಿನ್ ಅವರ ನಕ್ಷೆಯಂತೆ ಎದ್ದ ಅದರ ಕೆಲಸ ಮುಗಿದದ್ದು 1912ರಲ್ಲಿ. ಈ ನಡುವೆ, 1905ರ ಹೊತ್ತಿಗೆ, ಅದೇ ರಾಜಕುಮಾರಿಗಾಗಿ ಕಟ್ಟಿಸಿದ ಮಹಲೇ ಜಯಲಕ್ಷ್ಮಿ ವಿಲಾಸ.

ಕಾಲ ಬದಲಾಯಿತು. ಮಹಲು ಮೈಸೂರು ವಿಶ್ವವಿದ್ಯಾನಿಲಯದ ಕೈಗೆ ಬಂತು. 1968ರಲ್ಲಿ ಶುರುವಾದ ಜಾನಪದ ವಸ್ತುಸಂಗ್ರಹಾಲಯಕ್ಕೆ ಅದೇ ಮನೆಯಾಯಿತು. ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅವರಂಥವರು ಹಳ್ಳಿ ಹಳ್ಳಿ ತಿರುಗಿ ಸಾಮಾನು ಕೂಡಿಸಿದರು. ಸೋಮನ ಕುಣಿತದ ಮುಖವಾಡ, ತೊಗಲುಗೊಂಬೆ, ದೀಪ, ಬುಟ್ಟಿ, ಅಡುಗೆ ಪಾತ್ರೆ, ಬೇಸಾಯದ ಸಲಕರಣೆ. ರಾಜಕುಮಾರಿಯ ಮನೆಯಲ್ಲಿ ಈಗ ರೈತರ ಮನೆಯ ಪಾತ್ರೆಗಳಿವೆ. ಇದಕ್ಕಿಂತ ದೊಡ್ಡ ಇತಿಹಾಸ ಪಾಠ ನಮಗೆ ಬೇರೆ ಕಂಡಿಲ್ಲ.

ಉಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೂ ಮೈಸೂರಿನಲ್ಲೇ ಉದಾಹರಣೆ ಇದೆ. 'ಮಾಲ್ಗುಡಿ' ಕಥೆಗಳ ಆರ್.ಕೆ. ನಾರಾಯಣ್ ಅವರ ಯಾದವಗಿರಿಯ ಮನೆಯನ್ನು 2011ರಲ್ಲಿ ಒಡೆಯಲು ಶುರು ಮಾಡಿದ್ದರು. ಜನ ದನಿ ಎತ್ತಿದರು. ಕೆಲಸ ನಿಂತಿತು. ಪಾಲಿಕೆ ಮನೆ ಕೊಂಡು ದುರಸ್ತಿ ಮಾಡಿಸಿತು. 2016ರಲ್ಲಿ ಅದು ಮ್ಯೂಸಿಯಂ ಆಯಿತು. ಇನ್ನು ಸ್ವಲ್ಪ ತಡವಾಗಿದ್ದರೆ ನೋಡಲು ಬರೀ ಸೈಟು ಉಳಿಯುತ್ತಿತ್ತು.

ನಮ್ಮ ಹಟ್ಟಿಗಳ ಪರವಾಗಿ ದನಿ ಎತ್ತುವವರು ಯಾರು? ಮಿಕ್ಸಿ ಬಂದ ಮೇಲೆ ಒರಳು ಹಿತ್ತಲು ಸೇರಿತು. ಟ್ರ್ಯಾಕ್ಟರ್ ಬಂದ ಮೇಲೆ ಕೂರಿಗೆ ಅಟ್ಟ ಹತ್ತಿತು. ಗುಜರಿಯವನು ಬಂದಾಗ ಹಿತ್ತಾಳೆ ಚೊಂಬು ತಕ್ಕಡಿ ಏರಿತು. ಎಲ್ಲವನ್ನೂ ಇಟ್ಟುಕೊಳ್ಳಲು ಜಾಗವಿಲ್ಲ, ಒಪ್ಪುತ್ತೇವೆ. ಆದರೆ ಕೊಡುವ ಮೊದಲು ಒಂದು ಫೋಟೊ ತೆಗೆಯಿರಿ. ಅದರ ಹೆಸರೇನು, ಯಾರು ಮಾಡಿದ್ದು, ಯಾವುದಕ್ಕೆ ಬಳಸುತ್ತಿದ್ದರು ಎಂದು ಅಜ್ಜಿಯನ್ನು ಕೇಳಿ ಬರೆದಿಡಿ. ವಸ್ತು ಮತ್ತೆ ಸಿಕ್ಕೀತು, ಅದರ ಹೆಸರು ಬಲ್ಲವರು ಸಿಗಲಾರರು.

ಮುಂದಿನ ಸಲ ಮೈಸೂರಿಗೆ ಹೋದಾಗ ಅಜ್ಜಿಯನ್ನೂ ಮಕ್ಕಳನ್ನೂ ಜಯಲಕ್ಷ್ಮಿ ವಿಲಾಸಕ್ಕೆ ಕರೆದೊಯ್ಯಿರಿ. ಹಳೆಯ ಕಟ್ಟಡ, ದುರಸ್ತಿಗೆಂದು ಬಾಗಿಲು ಹಾಕಿರಬಹುದು. ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಒಳಗೆ ಗೈಡ್ ಬೇಕಿಲ್ಲ. ಅಜ್ಜಿಯೇ ಸಾಕು.