ಲೆವಿ ಕಾಳಿನ ಹಿಂದಿನ ದುಡಿಮೆ: ಯುದ್ಧಕಾಲದ ರೈತ ಮಹಿಳೆಯ ಅಧ್ಯಯನ ಬೆಳೆದ ಬಗೆ

ಯುದ್ಧಕಾಲದಲ್ಲಿ ಹೊಲ ಮಾಡಿದ ಹೆಂಗಸರ ಬಗೆಗಿನ ಬರವಣಿಗೆ ಬೇಗ ಹುಟ್ಟಿದ್ದು ಸಮವಸ್ತ್ರವಿದ್ದ ಕಡೆ. ಬ್ರಿಟನ್ನಿನ ‘ವಿಮೆನ್ಸ್ ಲ್ಯಾಂಡ್ ಆರ್ಮಿ’ 1917ರಲ್ಲಿ ಹುಟ್ಟಿ, 1939ರಲ್ಲಿ ಮತ್ತೆ ಕಟ್ಟಲ್ಪಟ್ಟು, 1950ರವರೆಗೆ ನಡೆಯಿತು. ಎರಡನೇ ಮಹಾಯುದ್ಧದ ನಡುವೆ ಅದರಲ್ಲಿ 80,000ಕ್ಕೂ ಹೆಚ್ಚು ಮಂದಿ ಇದ್ದರು. ಅವರಿಗೆ ಹಾಜರಿ, ಸಂಬಳ, ಬಿಲ್ಲೆ ಎಲ್ಲವೂ ಇತ್ತು. ಹಾಗಾಗಿ ಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್ ಈ ಹೆಂಗಸರ ಬಗ್ಗೆ ಪುಸ್ತಕ ಬರೆದರು.

ಸೇಡಂ ಸೀಮೆಯ ಮುಧೋಳಕ್ಕೆ ಅದೇ ಯುದ್ಧ ಲೆವಿಯ ರೂಪದಲ್ಲಿ ಬಂತು. 1942ರಲ್ಲಿ ಬರ್ಮಾ ಜಪಾನಿನ ಕೈಸೇರಿ ಅಲ್ಲಿಂದ ಬರುವ ಅಕ್ಕಿ ನಿಂತಿತು. ಮರುವರ್ಷ ಬಂಗಾಳದಲ್ಲಿ ಕ್ಷಾಮ. ಸೇಡಂ ಇರುವ ಗುಲಬರ್ಗಾ ಜಿಲ್ಲೆ ಸೇರಿದ್ದ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿ ರೈತರಿಂದ ಕಡ್ಡಾಯವಾಗಿ ಧಾನ್ಯ ವಸೂಲು ಮಾಡಲಾಯಿತು; ಅದೇ ಲೆವಿ. ಕಸ ತೆಗೆಯುವುದು, ತೆನೆ ಮುರಿಯುವುದು, ಕಾಳು ಕೇರುವುದು, ತೊಗರಿ ಒಡೆದು ಬೇಳೆ ಮಾಡುವುದು ಬಹುಪಾಲು ಹೆಂಗಸರ ಕೆಲಸ. ಲೆಕ್ಕ ಮಾತ್ರ ಸಾಮಾನ್ಯವಾಗಿ ಗಂಡಸಿನ ಹೆಸರಿಗೆ.

ಈ ದುಡಿಮೆಯ ಸುಳಿವು ಮೊದಲು ಸಿಕ್ಕಿದ್ದು ದಫ್ತರದ ಹೊರಗೆ. ಜನಪದ ಹಾಡುಗಳನ್ನು ಕೂಡಿಸುತ್ತಿದ್ದ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತಂದು ಬೀಸುವ, ಕುಟ್ಟುವ ಹೆಂಗಸರ ಮಾತನ್ನು ಅಚ್ಚಿಗೆ ತಂದಿದ್ದರು. ಕಾವ್ಯವೆಂದು ಮೆಚ್ಚಿದ ಆ ಸಂಗ್ರಹ ದುಡಿಮೆಯ ದಾಖಲೆಯೂ ಹೌದು.

ಅರ್ಥಶಾಸ್ತ್ರ ಇತ್ತ ತಿರುಗಿದ್ದು ತಡವಾಗಿ. 1970ರಲ್ಲಿ ಎಸ್ಟರ್ ಬೋಸರಪ್ ಕೃಷಿಯಲ್ಲಿ ಹೆಣ್ಣಿನ ಪಾಲನ್ನು ಚರ್ಚೆಯ ನಡುವಿಗೆ ತಂದರು. 1974ರಲ್ಲಿ ಭಾರತೀಯ ಮಹಿಳೆಯರ ಸ್ಥಿತಿಗತಿ ಸಮಿತಿಯ ವರದಿ ಬಂತು. ಮನೆಯ ಹೊಲದಲ್ಲಿ ಕೂಲಿಯಿಲ್ಲದೆ ಮಾಡುವ ಕೆಲಸವನ್ನೂ ಸೇರಿಸಿಕೊಳ್ಳಿ ಎಂದು ಜನಗಣತಿಯ ಪ್ರಶ್ನೆಯಲ್ಲೇ ಸ್ಪಷ್ಟವಾಗಿ ಬರೆದದ್ದು 1991ರಲ್ಲಿ.

ವಿಧಾನ ಬದಲಿಸಿದ್ದು ನೆರೆಯ ತೆಲಂಗಾಣದ ಕೆಲಸ. ಸ್ತ್ರೀಶಕ್ತಿ ಸಂಘಟನೆ ಅಲ್ಲಿನ ರೈತ ಹೋರಾಟದ ಹೆಂಗಸರ ನೆನಪುಗಳನ್ನು ಕೂಡಿಸಿ 1986ರಲ್ಲಿ ತೆಲುಗಿನಲ್ಲಿ, 1989ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಮುಧೋಳವೂ ಅದೇ ಸಂಸ್ಥಾನದ ಊರಾದ್ದರಿಂದ ಈ ಮಾದರಿ ಇಲ್ಲಿಗೆ ಹತ್ತಿರದ್ದು. ಇಲ್ಲಿ ಯುದ್ಧ 1945ಕ್ಕೆ ಮುಗಿಯಲೂ ಇಲ್ಲ. ನಿಜಾಮನ ಪರವಾಗಿದ್ದ ರಜಾಕಾರರ ಪಡೆಯ ಹಾವಳಿಯಲ್ಲಿ ಹೈದರಾಬಾದ್ ಕರ್ನಾಟಕದ ಎಷ್ಟೋ ಗಂಡಸರು ಗಡಿಯಾಚೆಯ ಶಿಬಿರ ಸೇರಿದರು. ಸಂಸ್ಥಾನ ಭಾರತದ ಕೈಸೇರಿದ್ದು 1948ರ ಸೆಪ್ಟೆಂಬರಿನಲ್ಲಿ.

1994ರಲ್ಲಿ ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಪ್ರಶ್ನೆಯನ್ನು ದುಡಿಮೆಯಿಂದ ಒಡೆತನಕ್ಕೆ ಒಯ್ದರು. ಅದೇ ವರ್ಷ ಕರ್ನಾಟಕದ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಲೆವಿ ಕಾಲದಲ್ಲಿ ದುಡಿದ ತಲೆಮಾರಿಗೆ ಅದು ದಕ್ಕಲಿಲ್ಲವೆಂದೇ ಹೇಳಬೇಕು. ಮದುವೆಯ ಈ ತಡೆ ಇಲ್ಲದ ಕೇಂದ್ರ ತಿದ್ದುಪಡಿ ಬಂದದ್ದು 2005ರಲ್ಲಿ.

ಹೀಗೆ ಅಧ್ಯಯನ ಹಾಜರಿ ಪುಸ್ತಕದಿಂದ ನೆನಪಿಗೆ, ನೆನಪಿನಿಂದ ಒಡೆತನದ ಪಹಣಿಗೆ ನಡೆದು ಬಂದಿದೆ. ಮೂರನ್ನೂ ಒಟ್ಟಿಗಿಟ್ಟು ಓದುವುದು ಮುಂದಿನ ಹೆಜ್ಜೆ. ಸೇಡಂ, ಚಿಂಚೋಳಿ ಕಡೆಯ ಹಿರಿಯ ಹೆಂಗಸರನ್ನು ‘ಯುದ್ಧದಲ್ಲಿ ಏನು ಮಾಡಿದಿರಿ’ ಎಂದು ಕೇಳಿದರೆ ‘ಏನಿಲ್ಲ’ ಎಂದಾರು. ‘ಲೆವಿ ಕಾಲದಾಗ ಹೊಲ ಯಾರು ನೋಡಕೊಂಡ್ರಿ?’ ಎಂದು ಕೇಳಬೇಕು.