ಭೋಗಿಯ ಪಲ್ಲೆ, ಜೋಳದ ಹೊಲ

ಸಂಕ್ರಾಂತಿಯ ಹಿಂದಿನ ದಿನ ಭೋಗಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಮನೆಗಳಲ್ಲಿ ಅಂದು ಎಳ್ಳು ಹಚ್ಚಿದ ಸಜ್ಜಿರೊಟ್ಟಿ. ಅದರ ಜೊತೆಗೆ ಬದನೆ, ಗಜ್ಜರಿ, ಅವರೆ, ಹಸಿ ಕಡಲೆ, ಮೆಂತ್ಯ ಎಲ್ಲವನ್ನೂ ಕೂಡಿಸಿ ಮಾಡಿದ ಪಲ್ಲೆ. ಚಳಿಗಾಲದಲ್ಲಿ ನೆಲ ಕೊಟ್ಟದ್ದೆಲ್ಲ ಆ ಒಂದೇ ಪಾತ್ರೆಗೆ.

ಪಾತ್ರೆಯೊಳಗಿನವರೆಲ್ಲ ಒಂದೇ ಕಾಲದವರಲ್ಲ. ಬದನೆ ಹಳೆಯ ನಿವಾಸಿ. 1508ರ ಸುಮಾರಿಗೆ ಮೂರನೆಯ ಮಂಗರಸ ರಚಿಸಿದ ‘ಸೂಪಶಾಸ್ತ್ರ’ದಲ್ಲಿ ಬದನೆಯ ಅಡುಗೆಗಳಿವೆ; ಮೆಣಸಿನಕಾಯಿ ಇಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಅಮೆರಿಕ ಮೂಲದ ಆ ಗಿಡ ನಮ್ಮ ಕರಾವಳಿಗೆ ಬಂದದ್ದು ಪೋರ್ಚುಗೀಸರೊಂದಿಗೆ. ಅವರು ಗೋವೆಯನ್ನು ಗೆದ್ದದ್ದು 1510ರಲ್ಲಿ. ಖಾರವಿಲ್ಲದೆ ತುತ್ತು ಇಳಿಯದ ನಾಡಿಗೆ ಖಾರ ಬಂದ ಕಥೆ ಇಷ್ಟು ಈಚಿನದು!

ಈ ಸೀಮೆಯಲ್ಲಿ ಚಳಿಗಾಲದ ಕಾಯಿಪಲ್ಲೆಗೆ ಪ್ರತ್ಯೇಕ ತೋಟವೇ ಬೇಕೆಂದಿರಲಿಲ್ಲ. ಬಾವಿಯಿದ್ದವರು ಮಡಿ ಕಟ್ಟಿ ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಬೆಳೆಯುತ್ತಿದ್ದರು. ಬಿಸಿಲು ಬಲಿತರೆ ಇವು ಬೇಗ ಹೂವಿಗೇರುವುದರಿಂದ ಚಳಿಯೇ ಇವುಗಳ ಕಾಲ. ಬಾವಿಯಿಲ್ಲದವರಿಗೆ ಜೋಳದ ಹೊಲವೇ ತೋಟ. ಮಳೆಗಾಲದ ತೇವವನ್ನು ಎರೆಮಣ್ಣು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಅದನ್ನೇ ನಂಬಿ ಹಿಂಗಾರಿ ಜೋಳ, ನಡುನಡುವೆ ಅಕ್ಕಡಿ ಸಾಲು. ದನ ನುಗ್ಗದಂತೆ ಅಂಚಿಗೆ ಮುಳ್ಳಿನ ಕುಸುಬಿ. ಮುಳ್ಳು ಬರುವ ಮೊದಲು ಅದರ ಎಳೆಯ ತಪ್ಪಲೇ ಪಲ್ಲೆ. ಕಡಲೆಯ ಕುಡಿ ಚಿವುಟಿದರೆ ಗಿಡ ಕವಲೊಡೆಯುತ್ತದೆ, ಅಡುಗೆಗೂ ಆಗುತ್ತದೆ. ಕಡಲೆಯ ಎಲೆ ತಾನೇ ಹುಳಿ ಒಸರುತ್ತದೆ. ಇಬ್ಬನಿ ಬಿದ್ದ ಮುಂಜಾನೆ ಗಿಡದ ಮೇಲೆ ಬಟ್ಟೆ ಹಾಸಿ, ನೆನೆದದ್ದನ್ನು ಹಿಂಡಿ, ಆ ಹುಳಿಯನ್ನು ಹೊಟ್ಟೆನೋವಿಗೆ ಮನೆಮದ್ದಾಗಿ ಇಡುವ ರೂಢಿಯಿತ್ತು. ಇನ್ನು ಹಕ್ಕರಕಿ ಬಿತ್ತದೆ ಬರುವ ಸೊಪ್ಪು. ಹಸಿಯಾಗಿಯೇ ರೊಟ್ಟಿಯೊಂದಿಗೆ ತಿನ್ನುವಂಥದು. ಕಳೆ ತೆಗೆಯಲು ಹೋದ ಹೆಂಗಸರು ಸಂಜೆ ಇದನ್ನು ಉಡಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಕೂಲಿಯ ಲೆಕ್ಕದಲ್ಲಿ ಸೇರದ ಆದಾಯವದು.

ಮುಂದೆ ಈ ಸೀಮೆಗೆ ನೀರು ಬಂತು. ಕೃಷ್ಣೆಯ ದಂಡೆಯ ಉಗಾರ ಖುರ್ದದಲ್ಲಿ 1939ರಲ್ಲೇ ಸಕ್ಕರೆ ಕಂಪನಿ ಸ್ಥಾಪನೆಯಾಗಿತ್ತು. ನದಿಯಿಂದ ಏತ ನೀರಾವರಿ, ಹಿಡಕಲ್ ಜಲಾಶಯದ ಕಾಲುವೆಗಳು ಹಬ್ಬಿದಂತೆ ಎರೆಹೊಲ ಕಬ್ಬಿನ ಗದ್ದೆಯಾಯಿತು. (ನಿಪ್ಪಾಣಿಯ ತಂಬಾಕಿನದು ಬೇರೆಯೇ ಕಥೆ.) ರೈತನ ಕೈಗೆ ಕಾಸು ಬಂದದ್ದು ಸುಳ್ಳಲ್ಲ, ನೀರು ಬೇಡವಾಗಿತ್ತೆಂದು ಹೇಳುವವರು ಬರಗಾಲ ಕಂಡವರಲ್ಲ. ಆದರೆ ಕಬ್ಬಿಗೆ ಹೊಡೆಯುವ ಕಳೆನಾಶಕಕ್ಕೆ ಅಗಲ ಎಲೆಯದೆಲ್ಲ ಕಳೆಯೇ. ಅದು ಹಕ್ಕರಕಿಯನ್ನು ಗುರುತಿಸಿ ಬಿಡುವುದಿಲ್ಲ. ಹೊಲದ ಒಡೆಯ ಕಬ್ಬಿನ ಬಿಲ್ಲಿನಲ್ಲಿ ಕಾಯಿಪಲ್ಲೆ ಕೊಂಡಾನು. ಉಡಿ ತುಂಬಿಕೊಂಡು ಬರುತ್ತಿದ್ದವಳು ಈಗ ಅದನ್ನೇ ಕೂಲಿಯ ದುಡ್ಡಿನಿಂದ ಕೊಳ್ಳಬೇಕು.

ಕಬ್ಬು ಚಿಕ್ಕದಿರುವಾಗ ಸಾಲಿನ ನಡುವೆ ಮೆಂತ್ಯ, ಕೊತ್ತಂಬರಿ, ಉಳ್ಳಾಗಡ್ಡಿ ಹಾಕುವ ರೈತರಿದ್ದಾರೆ. ಭೋಗಿಯ ಹಿಂದಿನ ಸಂತೆಗೆ ಅವು ಬರುತ್ತವೆ. ಹೊಲದಲ್ಲಿ ತಾನೇ ಎದ್ದ ಹಕ್ಕರಕಿ ಬೇಕೆಂದರೆ ಒಣಬೇಸಾಯ ಉಳಿದ ಅಥಣಿಯ ಪೂರ್ವಕ್ಕೆ, ತೆಲಸಂಗದ ಕಡೆಗೆ ಹೋಗುವುದು ಮೇಲು.